ಕವರಿನಲ್ಲಿ ಕಟ್ಟಿದ ಸಾರು

ನಾಯ್ಮಾರ್ಮೂಲೆಯಲ್ಲಿ ಉನೈಸನ ಹೋಟೆಲು ಸಣ್ಣದಾದರೂ ಪಾರ್ಸೆಲ್ ವ್ಯಾಪಾರ ಜೋರು. ಒಲೆಯಿಂದ ಇಳಿಸಿದ ಕೋಳಿ ಸಾರನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿಗೆ ಹೊಯ್ದು, ಬಾಯಿಗೆ ರಬ್ಬರ್ ಸುತ್ತಿ ಕಟ್ಟುವುದು ಅವನ ಹೆಂಡತಿ ಶಾಹಿನಾಳ ಕೆಲಸ. ಅವಳು ಉಣ್ಣುತ್ತಿದ್ದುದೂ ಹಾಗೆ ಕಟ್ಟಿಟ್ಟು ಮಾರಾಟವಾಗದೆ ಉಳಿದ ಸಾರನ್ನೇ.

ಈ ಬೇಸಗೆಯಲ್ಲಿ ಅವಳ ಬೆರಳ ಗಂಟುಗಳು ಬಾತವು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ, ಉರಿಯೂತ ಜಾಸ್ತಿ ಎಂದು ಬಂತು.

"ಬಿಸಿಲಿಗೆ ಹೋಗುದಿಲ್ವಾ?" ಡಾಕ್ಟರ್ ಸೌಮ್ಯಶ್ರೀ ಕೇಳಿದರು.

"ಪಾತ್ರೆ ತೊಳೆಯುದು, ಕಟ್ಟಿಗೆ ಒಣಗಿಸುದು ಎಲ್ಲ ಬಿಸಿಲಲ್ಲೇ ಡಾಕ್ಟ್ರೇ. ಬೆನ್ನು ಸುಡ್ತದೆ."

ಹೋಟೆಲಿನ ಕೆಲಸದ ಬಗ್ಗೆ ವಿಚಾರಿಸಿದ ಮೇಲೆ ಡಾಕ್ಟರ್ ಹೇಳಿದರು: "ಬಿಸಿ ತಾಗಿದ್ರೆ ಪ್ಲಾಸ್ಟಿಕ್ಕಿನ ರಾಸಾಯನಿಕ ಊಟಕ್ಕೆ ಇಳೀತದೆ. ಅದ್ರಿಂದ ವಿಟಮಿನ್ ಡಿ ಕಡಿಮೆ ಆಗ್ಬಹುದು, ಉರಿಯೂತ ಹೆಚ್ಚಬಹುದು ಅಂತ ಕೆಲವು ಅಧ್ಯಯನ ಉಂಟು. ನಿಮಗೆ ಅದ್ರಿಂದಲೇ ಬಂತು ಅಂತ ಹೇಳ್ಲಿಕ್ಕೆ ನನಗಾಗುದಿಲ್ಲ. ಮಾತ್ರೆ ತಗೊಳ್ಳಿ, ಆ ಕವರ್ ಬಿಡಿ."

ಇದನ್ನು ಶಾಹಿನಾ ಬಂದು ಹೇಳಿದಾಗ ಉನೈಸ್ ನಕ್ಕ. "ಅವರಿಗೇ ಖಾತ್ರಿ ಇಲ್ಲ! ಇಡೀ ಊರು ತಿಂತದೆ, ಯಾರಿಗೆ ಎಂತ ಆಗಿದೆ ಮಾರಾಯ್ತಿ?"

ಮರುದಿನ ಮಧ್ಯಾಹ್ನ ಶಾಹಿನಾ ಕುದಿಯುವ ಸಾರನ್ನು ಕವರಿಗೆ ಹೊಯ್ದು ಕಟ್ಟಿಟ್ಟಳು. ಗಂಡ ಹೋಟೆಲಿನಲ್ಲೇ ಗಿರಾಕಿಗಳ ನಡುವೆ ಊಟಕ್ಕೆ ಕೂತಾಗ ಅದನ್ನೇ ಬಿಚ್ಚಿ ಅವನ ಬಟ್ಟಲಿಗೆ ಸುರಿದಳು.

ಒಂದು ತುತ್ತಿಗೇ ಅವನು ಮುಖ ಕಿವುಚಿದ. "ಕವರಿನ ವಾಸನೆ! ನನಗೆ ಪಾತ್ರೆಯಿಂದಲೇ ಬಡಿಸು ಅಂತ ಎಷ್ಟು ಸಲ ಹೇಳುದು?"

"ಹೇಳಿದ್ದೀರಿ. ಮದುವೆಯಾದಾಗಿಂದ ಹೇಳ್ತಾ ಇದ್ದೀರಿ!" ಶಾಹಿನಾ ಸ್ವರ ಏರಿಸಿದಳು. "ನಿಮ್ಮ ನಾಲಗೆಗೆ ಗೊತ್ತುಂಟು. ನಿಮಗಾಗದ್ದನ್ನು ನಾನು ತಿನ್ನಬಹುದು, ಊರಿನ ಮಕ್ಕಳು ತಿನ್ನಬಹುದು, ಅಲ್ವಾ?"

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಮೆಲ್ಲ ಮಾತಾಡು."

"ಯಾಕೆ ಮೆಲ್ಲ?" ಖಾಲಿ ಕವರುಗಳ ಕಟ್ಟನ್ನು ಅವಳು ಅವನ ಮುಂದೆ ಬಿಸಾಡಿದಳು. "ಇನ್ನು ನೀವೇ ಕಟ್ಟಿ. ನನ್ನ ಕೈಯಿಂದ ಆಗುದಿಲ್ಲ."

ಅವಳು ಮನೆಗೆ ನಡೆದಳು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಉನೈಸ್ ಕೈ ಸುಟ್ಟುಕೊಂಡು ಕಟ್ಟಿದ ಪೊಟ್ಟಣಗಳು ದಾರಿಯಲ್ಲೇ ಸೋರಿದವು, ಗಿರಾಕಿಗಳು ಬೈದರು. ಜಗಳದ ದಿನ ಅಲ್ಲೇ ಊಟಕ್ಕೆ ಕೂತಿದ್ದ ಮುದುಕ ಮಮ್ಮುಂಞಿ ಮಾತ್ರ ಬಸುರಿ ಮಗಳಿಗೆ ಸಾರು ಒಯ್ಯಲು ಸ್ಟೀಲಿನ ಪಾತ್ರೆಯನ್ನೇ ತಂದರು. "ಇದಕ್ಕೆ ಹಾಕು. ನಿನ್ನ ಕವರ್ ನನಗೆ ಬೇಡ," ಎಂದರು, ಎಲ್ಲರಿಗೂ ಕೇಳುವಂತೆ.

ವಾರ ಕಳೆಯುವಷ್ಟರಲ್ಲಿ ಉನೈಸ್ ಬಾಗಿಲಲ್ಲಿ ಬೋರ್ಡು ಹಾಕಿದ: ಸಾರಿಗೆ ಪಾತ್ರೆ ತನ್ನಿ. ಕೆಲವರು ಪಕ್ಕದ ಹೋಟೆಲಿಗೆ ಹೋದರು. ಶಾಹಿನಾ ಅಡುಗೆಗೆ ಮರಳಿದಳು. ಬೆರಳ ಬಾವು ತುಸು ಇಳಿದಿದೆ; ಮಾತ್ರೆಯಿಂದಲೋ, ಕವರ್ ಬಿಟ್ಟದ್ದರಿಂದಲೋ ಅವಳಿಗೆ ಗೊತ್ತಿಲ್ಲ.

ಉನೈಸ್ ಮಾತ್ರ ತಪ್ಪಾಯಿತೆಂದು ಇನ್ನೂ ಹೇಳಿಲ್ಲ. ಹೇಳುವವರೆಗೆ ಅವಳು ಅವನಿಗೆ ಬಡಿಸುವುದೂ ಇಲ್ಲ.