ನೆಲಮಾಳಿಗೆಯಿಲ್ಲದ ಮನೆ

ಭಾನುವಾರ ಚರ್ಚಿನಿಂದ ಬಂದು, ಬಿಗಿ ಶೂ ಕಳಚಿ ಮೂಲೆಗೆ ತಳ್ಳಿ, ಶಿಕಾಗೋದಲ್ಲಿರುವ ತಂಗಿ ಮ್ಯಾಕ್ಸೀನ್‌ಗೆ ಫೋನ್ ಮಾಡುವುದು ವರ್ಡೆಲ್‌ಳ ರೂಢಿ. ಶಿಕಾಗೋದಲ್ಲೇ ಹುಟ್ಟಿ ಬೆಳೆದು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ ಅವಳು ಹ್ಯೂಸ್ಟನ್ನಿಗೆ ಬಂದು ಮನೆ ಕೊಂಡಿದ್ದಳು. ಅಂದಿನಿಂದ ಅಕ್ಕತಂಗಿಯರ ಮಾತಿನಲ್ಲಿ ಕ್ಷೇಮ ಸಮಾಚಾರ ಕಡಿಮೆ, ಎರಡು ಊರುಗಳ ಜಗಳವೇ ಹೆಚ್ಚು.

"ಫೆಬ್ರವರೀಲಿ ಬಾಗಿಲು ತೆಗೆದಿಟ್ಟು ಕೂತಿದ್ದೀನಿ ಕಣೇ. ನೀನೇನು ಮಾಡ್ತಿದ್ದೀಯ?"

"ಹಿಮ ತೋಡಿ ಕಾರಿಗೆ ಜಾಗ ಮಾಡಿ ಬಂದೆ. ಬೇರೆ ಯಾರೂ ನಿಲ್ಲಿಸದ ಹಾಗೆ ಅಡುಗೆಮನೆ ಕುರ್ಚಿ ಇಟ್ಟಿದ್ದೀನಿ."

"ಪಾಪ, ಕುರ್ಚಿಗೆ ನೆಗಡಿ ಆಗುತ್ತೆ."

"ಆಗ್ಲಿ ಬಿಡು. ನಿಮ್ಮೂರಲ್ಲಿ ಹಾಲು ತರೋಕೂ ಕಾರು ಹತ್ತಬೇಕು. ಇಲ್ಲಿ ನಾಲ್ಕು ಹೆಜ್ಜೆ ಹಾಕಿದ್ರೆ ರೈಲು, ಇನ್ನೊಂದಿಷ್ಟು ಹಾಕಿದ್ರೆ ಸರೋವರ. ನಿಮ್ಮಲ್ಲಿ ಯಾರಾದ್ರೂ ನಡ್ಕೊಂಡು ಹೋಗ್ತಿದ್ರೆ, ಕಾರು ಕೆಟ್ಟೋಯ್ತಾ ಅಂತ ಕೇಳ್ತಾರಂತೆ!"

ಈ ಜಗಳದಲ್ಲಿ ವರ್ಡೆಲ್ ಎಂದೂ ಸೋತವಳಲ್ಲ. ಅವಳು ಹೇಳುತ್ತಿದ್ದುದೂ ಸುಳ್ಳಲ್ಲ. ಅಂಗಳ ದೊಡ್ಡದು, ಚಳಿಗೆ ಮಂಡಿ ಹಿಡಿಯುವುದಿಲ್ಲ, ಹಿತ್ತಲಲ್ಲಿ ನಿಂಬೆ ಗಿಡ ವರ್ಷವಿಡೀ ಹಸಿರು. ತೊಂದರೆಯಿದ್ದದ್ದು ಅವಳು ಹೇಳದೆ ಬಿಟ್ಟದ್ದರಲ್ಲಿ. ಹಿತ್ತಲಾಚೆಯ ಕಾಲುವೆ ಎರಡು ಸಲ ಉಕ್ಕಿ ಬೀದಿಯ ಮನೆಗಳೊಳಗೆ ನುಗ್ಗಿತ್ತು. ಟೀವಿಯಲ್ಲಿ ನೋಡಿ ಹೆದರಿ ಫೋನ್ ಮಾಡಿದ ತಂಗಿಗೆ, "ಅದೆಲ್ಲ ಊರಿನ ಆ ಕಡೆ" ಎಂದಿದ್ದಳು. ಚರ್ಚಿನ ಸಭಾಂಗಣದ ನೆಲದ ಮೇಲೆ ಮಲಗುತ್ತಿದ್ದ ದಿನಗಳಲ್ಲಿ, "ಮನೆಗೆ ಬಣ್ಣ ಹೊಡೆಸ್ತಿದ್ದೀನಿ, ತುಂಬ ಗಲಾಟೆ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟಿದ್ದಳು. ಅಷ್ಟು ಹೊಗಳಿ ಹೊಗಳಿ, ಈಗ ಹೀಗಾಯಿತು ಎಂದು ಒಪ್ಪಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ.

ಆ ಭಾನುವಾರ ಮ್ಯಾಕ್ಸೀನ್ ಇದ್ದಕ್ಕಿದ್ದಂತೆ ಸೋಲೊಪ್ಪಿದಳು. ಗಂಡ ತೀರಿಕೊಂಡ ಮೇಲೆ ಅವಳಿಗದು ಮೊದಲ ಚಳಿಗಾಲ.

"ನೀನೇ ಗೆದ್ದೆ ಡೆಲ್. ಒಬ್ಬಳೇ ಹಿಮ ತೋಡಿ ಸಾಕಾಯ್ತು. ಈ ಮನೆ ಮಾರಿ ಅಲ್ಲಿಗೇ ಬಂದ್ಬಿಡ್ತೀನಿ. ನಿನ್ನ ಪಕ್ಕದ ಮನೆ ಮಾರಾಟಕ್ಕಿದೆ ಅಂದ್ಯಲ್ಲ?"

ವರ್ಡೆಲ್‌ಗೆ ಮೊದಲು ಬಂದದ್ದು ಸಂತೋಷವೇ. ಇಷ್ಟು ವರ್ಷ ಒಬ್ಬಳೇ ಉಂಡವಳು ಅವಳು. ಸಂತೋಷದ ಬೆನ್ನಿಗೇ ಹಿತ್ತಲಾಚೆಯ ಕಾಲುವೆ ನೆನಪಾಯಿತು. ಆದರೂ "ಬಾರೇ, ಬಂದು ನೋಡು" ಎಂದೇ ಬಿಟ್ಟಳು.

ಪಕ್ಕದ ಮನೆ ಮುದುಕ ತಿಬಡೋನದು. ಲೂಯಿಸಿಯಾನಾ ಕಡೆಯವನು, ತುಂಬ ಮರ್ಯಾದಸ್ಥ. ಮಾರ್ಚಿನಲ್ಲಿ ಬಂದ ಮ್ಯಾಕ್ಸೀನ್‌ಗೆ ಆತ ತಾನೇ ಮನೆಯೆಲ್ಲ ತೋರಿಸಿದ. ಅವಳು ಅಪ್ಪಟ ಶಿಕಾಗೋದವಳ ಹಾಗೆ ನೋಡಿದಳು. ಕಿಟಕಿಗೆ ಅಂಗೈ ಒಡ್ಡಿ ಗಾಳಿ ನುಸುಳುತ್ತದೆಯೇ ಎಂದು ಪರೀಕ್ಷಿಸಿದಳು, ಮನೆ ಕಾಯಿಸುವ ಯಂತ್ರದ ವಯಸ್ಸು ಕೇಳಿದಳು, ಚಾವಣಿ ಎಷ್ಟು ಹಿಮದ ಭಾರ ತಡೆಯುತ್ತದೆಂದು ವಿಚಾರಿಸಿದಳು. ಹಳೆಯ ಮನೆಗೆ ಹೊಸ ಗೋಡೆ, ಹೊಸ ಬಣ್ಣ ಯಾಕೆ ಎಂದು ಮಾತ್ರ ಕೇಳಲಿಲ್ಲ.

"ನೆಲಮಾಳಿಗೆಗೆ ಮೆಟ್ಟಿಲು ಎಲ್ಲಿದೆ?"

"ಈ ಕಡೆ ಯಾರ ಮನೇಲೂ ನೆಲಮಾಳಿಗೆ ಇರಲ್ಲ ಮ್ಯಾಮ್," ಎಂದ ತಿಬಡೋ.

ಮ್ಯಾಕ್ಸೀನ್ ಎರಡೂ ಕೈ ಮೇಲೆತ್ತಿದಳು. "ದೇವರು ದೊಡ್ಡವನು! ದೊಡ್ಡ ಮಳೆ ಬಂತು ಅಂದ್ರೆ ನಮ್ಮ ನೆಲಮಾಳಿಗೆ ತುಂಬ್ಕೊಂಡು, ಬಕೆಟ್ ಹೊತ್ತು ಹೊತ್ತು ಸೊಂಟ ಬಿದ್ದೋಗಿದೆ. ನೆಲಮಾಳಿಗೇನೇ ಇಲ್ಲ ಅಂದ್ಮೇಲೆ ನೀರು ಬರೋದಾದ್ರೂ ಎಲ್ಲಿಗೆ, ಅಲ್ವೇನೇ ಡೆಲ್?"

ತಿಬಡೋ ವರ್ಡೆಲ್‌ಳ ಮುಖ ನೋಡಿದ. ವರ್ಡೆಲ್ ನಕ್ಕಳು. ಆ ಕ್ಷಣಕ್ಕೆ ಅವಳಿಗೆ ಹೊಳೆದದ್ದು ಅಷ್ಟೇ. ಆಮೇಲೆ ಆ ನಗು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ ತಂಗಿ ಒರಗಿದ್ದಾಗ ಅವಳು ಬೇಲಿಯ ಹತ್ತಿರ ಹೋದಳು. ತಿಬಡೋ ಗಿಡಗಳಿಗೆ ನೀರು ಹಾಕುತ್ತಿದ್ದ.

"ಅವಳಿಗೆ ಹೇಳ್ಬೇಕು ಅನ್ಸುತ್ತೆ."

"ನನಗೆ ಇದನ್ನ ಮಾರಿದವರು ಹೇಳಿದ್ರಾ, ಮಿಸ್ ವರ್ಡೆಲ್? ನಿಮಗೆ ಮಾರಿದವರು ಹೇಳಿದ್ರಾ?"

"ಇಲ್ಲ."

"ನಾನು ಮಾರಾಟದ ಕಾಗದದಲ್ಲಿ ಬರೆದಾದ್ರೂ ಕೊಟ್ಟಿದ್ದೀನಿ, ಹಿತ್ತಲಿಗೆ ನೀರು ಬಂದಿತ್ತು ಅಂತ. ಅದೇನು ಸುಳ್ಳಾ?"

"ಹಿತ್ತಲಿಗೆ ಬಂದಿದ್ದು ಹಾಗೇ ಮಂಚದವರೆಗೂ ಬಂತಲ್ಲ."

ಮುದುಕ ನಲ್ಲಿ ನಿಲ್ಲಿಸಿದ. "ಸರಿಯಲ್ಲ ಅಂತ ನನಗೂ ಗೊತ್ತು. ಆದ್ರೆ ಮೋಡ ಕಂಡ್ರೆ ಸಾಕು, ಎದೆ ಹೊಡ್ಕೊಳ್ಳುತ್ತೆ. ಮಗಳ ಹತ್ರ ಹೋಗ್ಬೇಕು. ಇದನ್ನ ಮಾರದೆ ಹೇಗೆ ಹೋಗ್ಲಿ, ನೀವೇ ಹೇಳಿ. ಒಂದು ಬಾಯಿ ಬಿಟ್ರೆ ಇಡೀ ಬೀದಿಗೆ ಬೆಲೆ ಇರಲ್ಲ. ನಿಮ್ಮ ಮನೆಗೂ ಅಷ್ಟೇ."

ವರ್ಡೆಲ್ ಮನೆಗೆ ಮರಳಿದಳು. ಬೀದಿಯವರೆಲ್ಲ ಹೀಗೆಯೇ ಬಾಯಿ ಹೊಲಿದುಕೊಂಡಿದ್ದರು. ತನ್ನ ತಂಗಿಯಾದರೂ ತನ್ನ ಜೊತೆಗಿರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

ಎದ್ದ ಮ್ಯಾಕ್ಸೀನ್ ಎಳೆ ಹುಡುಗಿಯ ಹಾಗೆ ಉತ್ಸಾಹದಲ್ಲಿದ್ದಳು. "ಬೆಳಗಿನ ಕಾಫಿ ನಿನ್ನ ಮನೇಲಿ, ಸಂಜೆ ಊಟ ನನ್ನ ಮನೇಲಿ. ಶಿಕಾಗೋದಲ್ಲಿ ನಮ್ಮನೆ ಕೇಳ್ತಿರೋರು ಇವತ್ತೇ ಉತ್ತರ ಬೇಕು ಅಂದಿದ್ದಾರೆ. ಹ್ಞೂಂ ಅಂದುಬಿಡ್ತೀನಿ," ಎನ್ನುತ್ತ ಫೋನ್ ಕೈಗೆತ್ತಿಕೊಂಡಳು.

ವರ್ಡೆಲ್ ಆ ಕೈ ಹಿಡಿದಳು. "ಬೇಡ ಮ್ಯಾಕ್ಸ್. ಆ ಮನೆಯೊಳಗೆ ನೀರು ಬಂದಿತ್ತು. ಈ ಮನೆಗೂ. ಎರಡು ಸಲ."

ಮ್ಯಾಕ್ಸೀನ್ ಫೋನ್ ಕೆಳಗಿಟ್ಟಳು.

"ನಾನು ಟೀವಿ ಮುಂದೆ ಅಳ್ತಾ ಫೋನ್ ಮಾಡಿದ್ನಲ್ಲ, ಆವತ್ತು ಎಲ್ಲಿದ್ದೆ ನೀನು?"

"ಚರ್ಚಿನ ನೆಲದ ಮೇಲೆ."

"ಬಣ್ಣ ಹೊಡೆಸ್ತಿದ್ದೀನಿ ಅಂದೆ."

"ಅಂದೆ."

"ನನ್ನ ಮನೇಲಿ ಮಹಡಿ ಪೂರ್ತಿ ಖಾಲಿ ಇತ್ತು ಡೆಲ್." ಮ್ಯಾಕ್ಸೀನ್‌ಳ ಧ್ವನಿ ಏರಲಿಲ್ಲ. "ಈಗ ನನ್ನನ್ನೂ ಇದೇ ನೀರಿಗೆ ಕರ್ಕೊಂಡು ಬರ್ತಿದ್ದೆ."

"ಒಂಟಿಯಾಗಿದ್ದೆ ಕಣೇ. ನೀನು ಪಕ್ಕದಲ್ಲಿದ್ರೆ ಸಾಕು, ಮಿಕ್ಕಿದ್ದು ಹೇಗೋ ಆಗುತ್ತೆ ಅಂದ್ಕೊಂಡೆ. ತಪ್ಪಾಯ್ತು."

ಕ್ಷಮಿಸಿದೆ ಎಂದು ಮ್ಯಾಕ್ಸೀನ್ ಹೇಳಲಿಲ್ಲ. ಮರುದಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಂಡವಳು ಒಂದೇ ಮಾತು ಕೇಳಿದಳು: "ನನ್ನ ಕೈ ಹಿಡಿದೆ, ಸರಿ. ನಾಳೆ ಇನ್ಯಾರದೋ ತಲೆಗೆ ಆ ಮನೇನ ಕಟ್ಟೋವಾಗ, ಮತ್ತೆ ನಗ್ತಾ ನಿಂತಿರ್ತೀಯಾ?"

ವಾಪಸು ಬರುವ ದಾರಿಯುದ್ದಕ್ಕೂ ಆ ಮಾತು ವರ್ಡೆಲ್‌ಳನ್ನು ಕೊರೆಯಿತು. ಆಮೇಲಿನ ಭಾನುವಾರಗಳಲ್ಲಿ ಅವಳು ಫೋನ್ ಮಾಡಿದರೆ ತಂಗಿ ಎತ್ತುತ್ತಿದ್ದಳು, ನಾಲ್ಕು ಮಾತಾಡುತ್ತಿದ್ದಳು, ಇಡುತ್ತಿದ್ದಳು. ಊರುಗಳ ಜಗಳ ನಿಂತುಹೋಗಿತ್ತು.

ಏಪ್ರಿಲ್‌ನಲ್ಲಿ ತಿಬಡೋನ ಮನೆ ನೋಡಲು ಒಂದು ಎಳೆಯ ಜೋಡಿ ಬಂತು. ಹೆಂಡತಿಯ ಹೆಗಲ ಮೇಲೆ ಕೂಸು ಮಲಗಿತ್ತು. ವರ್ಡೆಲ್ ಅಂಗಳದಲ್ಲಿದ್ದಳು, ಒಳಗೆ ಸರಿದುಬಿಡೋಣ ಎನ್ನುವಷ್ಟರಲ್ಲಿ ತಿಬಡೋ ಮೆಟ್ಟಿಲ ಮೇಲಿಂದ ಕೂಗಿದ.

"ನೆರೆಹೊರೆ ಹೇಗೆ ಅಂತ ನಮ್ಮ ಮಿಸ್ ವರ್ಡೆಲ್ ಅವರನ್ನೇ ಕೇಳಿ!"

ಆತನ ದನಿ ಜೋರಾಗಿತ್ತು, ಕಣ್ಣು ಮಾತ್ರ ಬೇಡುತ್ತಿತ್ತು.

ಹುಡುಗಿ ಬೇಲಿಯ ಬಳಿ ಬಂದಳು. "ಹೇಗಿದೆ ಮ್ಯಾಮ್, ಈ ಬೀದಿ?"

ಒಳ್ಳೆಯದು ಎಂಬ ಒಂದು ಮಾತು ಸಾಕಿತ್ತು. ಈ ಮುದುಕನಿಗೆ ತಾನು ಮಾಡಲಿರುವುದು ದ್ರೋಹವೇ ಎಂದು ವರ್ಡೆಲ್‌ಗೆ ಗೊತ್ತಿತ್ತು.

"ಒಳ್ಳೆ ಜನ ಇದ್ದಾರಮ್ಮ," ಎಂದಳು. "ಮಿಸ್ಟರ್ ತಿಬಡೋ ಥರದ ನೆರೆಯವರು ನಿಮಗೆ ಎಲ್ಲೂ ಸಿಗಲ್ಲ. ನನ್ನ ಪ್ರಾಣ ಉಳಿಸಿದೋರು ಅವರು."

"ಹೌದಾ? ಹೇಗೆ?"

"ನಾನು ಅಡುಗೆ ಕಟ್ಟೆ ಮೇಲೆ ಹತ್ತಿ ಕೂತಿದ್ದೆ. ಅವರು ದೋಣಿ ತಂದು, ನಮ್ಮನೆ ಮುಂಬಾಗಿಲಿಗೆ ಕಟ್ಟಿ, ನನ್ನನ್ನ ಎತ್ತಿ ಕೂರಿಸ್ಕೊಂಡು ಹೋದ್ರು. ಇದೇ ಬೀದೀಲಿ."

ಹುಡುಗಿ ಬೀದಿಯನ್ನು ನೋಡಿದಳು. ಆಮೇಲೆ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಗಂಡನ ಕಡೆ ತಿರುಗಿದಳು. ಅವನು ತಿಬಡೋನನ್ನೇ ನೋಡುತ್ತಿದ್ದ. ಮುದುಕ ಬೈಯುತ್ತಾನೆಂದು ವರ್ಡೆಲ್ ಕಾದಳು; ಬೈಸಿಕೊಳ್ಳಲು ಸಿದ್ಧಳೂ ಆಗಿದ್ದಳು.

ತಿಬಡೋ ಟೊಪ್ಪಿಗೆ ತೆಗೆದು, ಮೆಟ್ಟಿಲ ಮೇಲೆ ಕುಳಿತು, ಬೋಳುತಲೆ ಸವರಿಕೊಂಡ.

"ಅವರು ಹೇಳಿದ್ದು ಎರಡನೇ ಸಲದ್ದು," ಎಂದ. "ಮೊದಲನೇ ಸಲ ನನ್ನ ಹತ್ರ ದೋಣಿ ಇರಲಿಲ್ಲ." ಕೈಯೂರಿ ಎದ್ದು, ಬಾಗಿಲು ಪೂರ್ತಿ ತೆರೆದ. "ಒಳಗೆ ಬನ್ನಿ ಮಕ್ಕಳೇ, ನೀರು ಎಲ್ಲೀವರೆಗೂ ಬಂದಿತ್ತು ಅಂತ ತೋರಿಸ್ತೀನಿ."