ಮಡಚುವ ಗೋಡೆ

"ಇದು ಬೀರುನೋ, ಬಾಗಿಲೋ, ಗೋಡೆನೋ? ಯಾವ್ದಾರ ಒಂದು ಹೇಳ್ರಿ ಚಿತ್ತಯ್ಯ." ಹಿರಿಯೂರಿನ ಬಡಗಿ ಅಬ್ದುಲ್ ರಶೀದ್ ಸಾಹೇಬರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಚಿತ್ತಯ್ಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತಂದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೂರೂ ಅನ್ಕಳ್ರಿ ಸಾಬ್ರೇ. ಬೇಕಾದಾಗ ಗೋಡೆ, ಬ್ಯಾಡಾದಾಗ ಮಡಚಿ ಮೂಲೆಗೆ ತಳ್ಳಂಗಿರಬೇಕು."

ಚಿತ್ತಯ್ಯನದು ಮಾರಿಕಣಿವೆ ಅಣೆಕಟ್ಟಿನಲ್ಲಿ ತೂಬು ಎತ್ತಿ ಇಳಿಸುವ ಕೆಲಸ. ಬೇಕೆಂದಾಗ ನೀರು ಬಿಡುವುದು, ಸಾಕೆಂದಾಗ ತಡೆಯುವುದೇ ಅವನ ಹೊಟ್ಟೆಪಾಡು. ಆ ಬುದ್ಧಿಯನ್ನೇ ಮನೆಗೂ ಹೂಡಿದ್ದ. ಕ್ವಾರ್ಟರ್ಸಿನಲ್ಲಿ ಇದ್ದದ್ದೇ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಒಂಬತ್ತನೇ ಕ್ಲಾಸಿನ ದೊಡ್ಡ ಮಗಳು ಜಯಕ್ಕ, ಅವಳ ಬೆನ್ನಿಗಂಟಿದ ಎಂಟು ವರ್ಷದ ಓಬವ್ವ. ಜಯಕ್ಕ ದೊಡ್ಡವಳಾದ ಮೇಲೆ ತಿಂಗಳಿಗೊಮ್ಮೆ 'ಹೊರಗಾದಾಗ' ಎರಡು ಮೈಲಿ ದೂರದ ತಮ್ಮ ಹಟ್ಟಿಗೆ ನಡೆದು ಹೋಗಿ, ಬೇಲಿಯಾಚೆಯ ಗುಡಿಸಲಲ್ಲಿ ಮೂರು ದಿನ ಕೂರಬೇಕು. ನಾಲ್ಕನೇ ದಿನ ಮುಂಜಾನೆ ಬಾವಿಯ ನೀರು ತಲೆಗೆ ಸುರಿದುಕೊಂಡ ಮೇಲೇ ಮನೆ. ಕ್ವಾರ್ಟರ್ಸಿಗೆ 'ಹೊರಗು' ಅನ್ನುವುದೇ ಇರಲಿಲ್ಲವಲ್ಲ! ಇತ್ತ ಇಸ್ಕೂಲಿನ ಹಾಜರಿ ಸೋರಿ ಹೋಗುತ್ತಿತ್ತು.

ಆ ಮೂರು ದಿನ ಕೋಣೆಯಲ್ಲೇ ಗೋಡೆಯ ಮರೆಗೆ ಇರಲಿ ಅಂದರೆ ಹೆಂಡತಿ ನಾಗಕ್ಕ ಸುಲಭಕ್ಕೆ ಬಗ್ಗುವವಳಲ್ಲ. ವಾರವೆಲ್ಲ ಮುಖ ಊದಿಸಿಕೊಂಡಿದ್ದು, ಕೊನೆಗೆ ಅವಳೇ ದಾರಿ ಹೇಳಿದ್ದಳು. "ಹೊರಗಿರೋಳಿಗೆ ಹೊರಗಿನ ಬಾಗ್ಲು ಬೇಕು. ಹಿತ್ತಲ ಬಾಗ್ಲು ಅವಳ ಕಡೀಗೆ ಬರಂಗಿದ್ರೆ ಮಾಡ್ಸು. ಮರದ ಗೋಡೇನೂ ಗೋಡೇನೆ."

ಸಾಹೇಬರು ವಿಷಯ ತಿಳಿದ ಮೇಲೆ ತಮಾಷೆ ನಿಲ್ಲಿಸಿದರು. ಬೇವಿನ ಮೂರು ರೆಕ್ಕೆ, ನಡುವೆ ಬಿಜಾಗರಿ, ಕೆಳಗೆ ಗಾಲಿ, ಓಬವ್ವನ ಕಡೆಗೆ ಪುಸ್ತಕದ ಗೂಡು. ಶುಕ್ರವಾರ ಕೊಡುತ್ತೇನೆಂದರು. ಆದರೆ ಶುಕ್ರವಾರ ಹೋದ ಚಿತ್ತಯ್ಯನ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಜಯಕ್ಕ ನೆಲದ ಮೇಲೆ ಬೆನ್ನು ಬಾಗಿಸಿ ಬರೆಯುವುದನ್ನು ಹಿಂದಿನ ಸಂಜೆ ನೋಡಿದ್ದ.

"ಅವಳ ಕಡೀಗೆ ಒಂದು ಹಲಗೆ ಕೂರಿಸ್ರಿ. ಇಳಿಸಿದ್ರೆ ಮೇಜು, ಎತ್ತಿದ್ರೆ ಗೋಡೆ."

"ಇನ್ನೂ ಎಂಟು ದಿನ ಆಗ್ತೈತೆ."

"ಆಗ್ಲಿ ಬಿಡ್ರಿ."

ಆ ಎಂಟು ದಿನದೊಳಗೇ ಜಯಕ್ಕ ಹೊರಗಾದಳು. ಉತ್ತರೆ ಮಳೆ ಹಿಡಿದಿತ್ತು. ಗೋಣಿಕೊಪ್ಪೆ ಹೊದ್ದು ಅಂಗಳಕ್ಕಿಳಿದವಳು ತಿರುಗಿ, "ಅಪ್ಪಾ, ಮುಂದಿನ ಸಲ ಇಲ್ಲೇ ಇರ್ತೀನಲ್ವಾ?" ಎಂದಳು.

"ಹೂಂ ಕಣವ್ವಾ. ಇದೊಂದು ಸಲ."

ಮೂರು ದಿನವೂ ಮಳೆ ಬಿಡಲಿಲ್ಲ, ಗುಡಿಸಲ ಸೋಗೆ ಸೋರಿತು. ಮೂರನೆಯ ದಿನ ದೂರದಿಂದ ಮುದ್ದೆ ಇಟ್ಟು ಬಂದ ನಾಗಕ್ಕ, ಮಗಳು ನಡುಗುತ್ತಿದ್ದುದನ್ನು ಕಂಡಳು. ಮುಟ್ಟಿ ನೋಡಲಿಲ್ಲ. ನಾಳೆ ಹೇಗೂ ನೀರು ಹಾಕಿಕೊಳ್ಳುತ್ತಾಳೆ, ಆಮೇಲೆ ಡಾಕ್ಟರಿಗೆ ತೋರಿಸಿದರಾಯಿತು ಅಂದುಕೊಂಡಳು. ಮಾರನೆಯ ಮುಂಜಾನೆ ಕಾದ ಕಾವಲಿಯಂತಿದ್ದ ಮೈಗೆ ತನ್ನ ಕೈಯಾರೆ ಬಾವಿಯ ನೀರು ಹೊಯ್ದಳು. ಆಸ್ಪತ್ರೆಗೆಂದು ಹತ್ತಿದ ಬಸ್ಸು ಹಿರಿಯೂರು ಮುಟ್ಟುವ ಮೊದಲೇ ಅಪ್ಪನ ತೊಡೆಯ ಮೇಲೆ ಜಯಕ್ಕನ ತಲೆ ಒರಗಿತು. ಚಿತ್ತಯ್ಯ ಅಳಲಿಲ್ಲ. ಹಲಗೆ ಬೇಡ ಅಂದಿದ್ದರೆ, ಹಲಗೆ ಬೇಡ ಅಂದಿದ್ದರೆ ಎಂದು ದಾರಿಯುದ್ದಕ್ಕೂ ಗೊಣಗಿದ.

ತಿಥಿ ಕಳೆದ ಮೇಲೆ ಸಾಹೇಬರು ಗಾಡಿಯಲ್ಲಿ ಗೋಡೆ ತಂದರು. ಸುದ್ದಿ ಅವರಿಗೂ ತಲುಪಿತ್ತು. ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತರು. "ವಾಪಸ್ ಒಯ್ಲೇನ್ರಿ?"

ಓಬವ್ವ ಗಾಡಿಯ ಹತ್ತಿರ ಓಡಿದಳು. "ಅದು ಅಕ್ಕಂದು. ಒಳಗೆ ತರ್ರಿ."

ಕೋಣೆಯಲ್ಲಿ ಇಳಿಸಿದ ಕೂಡಲೇ ಮೂರೂ ರೆಕ್ಕೆ ಬಿಡಿಸಿ, ಈ ಗೋಡೆಯಿಂದ ಆ ಗೋಡೆಗೆ ತಾಕಿಸಿದಳು. ಕೂದಲೆಳೆಯೂ ಹೆಚ್ಚು ಕಡಿಮೆಯಿಲ್ಲ, ಅಷ್ಟು ಸರಿಯಾದ ಅಳತೆ. ಆಚೆ ಹಿತ್ತಲ ಬಾಗಿಲು, ಈಚೆ ಅವಳ ಚಾಪೆ.

"ಮಡಚೇ ಅದನ್ನ. ಯಾರಿಗೆ ಈಗ?" ನಾಗಕ್ಕನ ದನಿ ಒಡೆಯಿತು.

"ಅಕ್ಕ ಹೊರಗವ್ಳೆ," ಅಂದಳು ಓಬವ್ವ. "ಮೂರು ದಿನ ತೆಗೆಯಂಗಿಲ್ಲ."

ಯಾರೂ ತೆಗೆಯಲಿಲ್ಲ. ಮೂರು ದಿನವೂ ಹುಡುಗಿ ಹಿತ್ತಲಿಂದ ಬಳಸಿ ಹೋಗಿ, ಬಾಗಿಲ ಹೊಸ್ತಿಲ ಮೇಲೆ ತಟ್ಟೆ ಇಟ್ಟು, ಅವ್ವ ಮಾಡುತ್ತಿದ್ದ ಹಾಗೆಯೇ ಹಿಂದಿರುಗಿ ನೋಡದೆ ಬಂದಳು. ಚಿತ್ತಯ್ಯ ಆ ತಟ್ಟೆಯನ್ನು ಒಳಕ್ಕೆ ತಂದು, ಹಲಗೆ ಇಳಿಸಿ, ಅದರ ಮುಂದೆ ಒಬ್ಬನೇ ಕೂತು ಉಂಡ.

ನಾಲ್ಕನೆಯ ಮುಂಜಾನೆ ಓಬವ್ವ ಅವ್ವನ ಸೆರಗು ಜಗ್ಗಿದಳು.

"ಅವ್ವಾ, ಅಕ್ಕಂಗೆ ಇವತ್ತು ನೀರು. ಬಿಸಿನೀರು ಕಾಯ್ಸವ್ವಾ. ತಣ್ಣೀರು ಬ್ಯಾಡ."

ನಾಗಕ್ಕ ಮಗಳನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ, ಹಂಡೆ ತುಂಬ ನೀರು ತುಂಬಿ, ಒಲೆಗೆ ಸೌದೆ ಒಟ್ಟಿದಳು.