ತಲೆಗೆ ಎಷ್ಟು ಚಿನ್ನ

ಬಿ.ದುರ್ಗದಾಚೆಯ ಗುಡ್ಡದಲ್ಲಿದ್ದ ಚಿನ್ನದ ಗಣಿಯ ಮ್ಯಾನೇಜರ್ ಮೋಹನ್‌ಕುಮಾರನನ್ನು ಕಂಡರೆ ಬಂಡೆ ಕೊರೆಯುವ ರಂಗೇಶನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಬೂಟಿಗೆ ಕೆಸರು ತಾಗಿಸಿಕೊಳ್ಳದೆ ಗಣಿಯನ್ನು ಉದ್ಧಾರ ಮಾಡಿದ ಪುಣ್ಯಾತ್ಮ ಅವನು. ಮೇಲಿನವರು ಕೇಳುತ್ತಿದ್ದದ್ದು ಒಂದೇ, ಕೆಲಸಗಾರರ ತಲೆಗೆ ಎಷ್ಟು ಗ್ರಾಂ ಚಿನ್ನ ಅಂತ. ಚಿನ್ನ ಹೆಚ್ಚಬೇಕಾದರೆ ಬೆವರು ಹರಿಯಬೇಕು. ತಲೆ ಕಡಿಮೆಯಾಗಲು ಒಂದು ಸಹಿ ಸಾಕು. ಬಂಡೆ ಕೊರೆಯುವವರು, ಅದಿರು ತುಂಬುವವರು, ಎಲ್ಲರಿಂದಲೂ ರಾಜೀನಾಮೆ ಬರೆಸಿಕೊಂಡ. ಮಾರನೆಯ ದಿನವೇ ಅವರನ್ನು ಕಂಟ್ರಾಕ್ಟರನ ಆಳುಗಳೆಂದು ಅದೇ ಸುರಂಗಕ್ಕೆ ಇಳಿಸಿದ. ಕಂಪನಿಯ ಹಾಜರಿಯಲ್ಲಿ ಉಳಿದವರೆಂದರೆ ನಾಲ್ವರು ಗುಮಾಸ್ತರು, ಸಾಹೇಬರ ಡ್ರೈವರ್, ಕ್ಯಾಂಟೀನಿನ ಅಡುಗೆಯವನು. ಕಾಗದದ ಮೇಲೆ ಈ ಮಹಾನುಭಾವರೇ ಚಿನ್ನ ಅಗೆದು ಗುಡ್ಡೆ ಹಾಕುತ್ತಿದ್ದರು.

ಸುಳ್ಳಿಗೆ ಸನ್ಮಾನ ಬೇರೆ. ಚಿತ್ರದುರ್ಗದಲ್ಲಿ ದೊಡ್ಡ ಸಮಾರಂಭವಾಯಿತು. ವೇದಿಕೆಯ ಮೇಲೆ ಗಣಿ ಕೆಲಸಗಾರನೊಬ್ಬ ನಿಲ್ಲಬೇಕಲ್ಲ. ಅಡುಗೆಯವನ ಹೊಟ್ಟೆ ನೋಡಿದರೆ ಮಕ್ಕಳೂ ನಕ್ಕಾವು. ಕಂಪನಿಯ ಹಳದಿ ಟೋಪಿ ಹಾಕಿಕೊಂಡು ನಿಂತರೆ ಮತ್ತೆ ಕಾಯಂ ಮಾಡುತ್ತೇನೆಂದು ಮೋಹನ್‌ಕುಮಾರ ರಂಗೇಶನಿಗೆ ಆಸೆ ತೋರಿಸಿದ. ರಂಗೇಶ ನಂಬಿದ. ಕಂಟ್ರಾಕ್ಟಿನವನ ಕಾಲು ಮುರಿದರೆ ಏನಾಗುತ್ತದೆಂದು ಜೊತೆಗಾರ ತಿಮ್ಮೇಶನ ಗತಿಯಲ್ಲೇ ಕಂಡಿದ್ದ. ಬಂಡೆ ಬಿದ್ದದ್ದು ಗಣಿಯೊಳಗೆ, ಆದರೆ ಕಂಪನಿ ಅವನು ಯಾರೋ ಗೊತ್ತಿಲ್ಲ ಎಂದಿತ್ತು. ಅಂಥ ಗತಿ ತನಗೆ ಬೇಡವೆಂದು ಗೊಂಬೆಯ ಹಾಗೆ ನಿಂತ, ಚಪ್ಪಾಳೆಯನ್ನೂ ತಟ್ಟಿದ. ಶಾಲು ಹೊದ್ದವನು ಮೋಹನ್‌ಕುಮಾರ.

ಕೆಳಗಿಳಿದ ಮೇಲೆ ಮಾತು ನೆನಪಿಸಿದ್ದಕ್ಕೆ ಮ್ಯಾನೇಜರ್ ಮುಖ ಸಿಂಡರಿಸಿದ.

“ನಿನ್ನ ಸೇರಿಸ್ಕೊಂಡ್ರೆ ಸರಾಸರಿ ಬಿದ್ದೋಗುತ್ತಪ್ಪ.”

ಥೂ, ಇಂಥವನ ಮಾತು ಕಟ್ಟಿಕೊಂಡು ಕುಣಿದೆನಲ್ಲ ಎಂದು ರಂಗೇಶನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಅವನು ಗಣಿಯ ಬಾಯಲ್ಲಿ ಕುಳಿತುಬಿಟ್ಟ. ನಡೆದದ್ದನ್ನು ಕೇಳಿ, ಎಲ್ಲರಿಗಿಂತ ಹಿರಿಯ ಜುಂಜಯ್ಯ ಪಕ್ಕದಲ್ಲಿ ಕುಳಿತ. ಅವನ ಹಿಂದೆ ಉಳಿದವರೂ ಕುಳಿತರು. ಮೋಹನ್‌ಕುಮಾರ ಓಡಿಬಂದು ಕೂಗಾಡಿದ.

“ಲೆಕ್ಕದಾಗಿರೋರು ಇಳೀಲಿ ಸಾರ್,” ಅಂದ ರಂಗೇಶ. “ನಾವು ಕುಂತ್ಕಂಡು ನೋಡ್ತೀವಿ.”

ಡ್ರೈವರ್ ಕಾರಿನ ಹಿಂದೆ ಸರಿದ. ಅಡುಗೆಯವನು ಒಲೆಯ ಮೇಲೆ ಸಾರು ಐತೆ ಎಂದು ಕಾಲುಕಿತ್ತ. ಮಧ್ಯಾಹ್ನದ ಹೊತ್ತಿಗೆ ಅದಿರು ಅರೆಯುವ ಮಿಲ್ಲು ನಿಂತಿತು, ಮೇಲಿನವರ ಫೋನುಗಳು ಶುರುವಾದವು, ಮ್ಯಾನೇಜರನ ನಾಲಿಗೆಗೆ ಬೆಲ್ಲ ಅಂಟಿಕೊಂಡಿತು. ಬರ್ರಿ ರಂಗೇಶಪ್ಪ, ಎಲ್ಲರನ್ನೂ ಇವತ್ತೇ ಕಂಪನಿಗೆ ಸೇರಿಸಿಕೊಳ್ಳುತ್ತೇನೆ, ಇಳಿಯೋಣ ಎಂದ.

ಬಾಯಿಮಾತು ಯಾರಿಗೆ ಬೇಕಿತ್ತು? ಹಿಂದೆಲ್ಲ ಇಳಿಯುವ ಮುಂಚೆ ಕಂಪನಿಯವರು ಒಬ್ಬೊಬ್ಬನ ಹೆಸರನ್ನೂ ಕೂಗುತ್ತಿದ್ದರು. ಕೂಗಿದವನು ಜೀವಸಹಿತ ಮೇಲೆ ಬರುವ ತನಕ ಹೊಣೆ ಕಂಪನಿಯದು. ಕಂಟ್ರಾಕ್ಟರ್ ಬಂದ ಮೇಲೆ ಬರೀ ತಲೆ ಎಣಿಸಿ ತಳ್ಳುತ್ತಿದ್ದರು.

“ಹಂಗಾದ್ರೆ ನೀವೇ ಹೆಸರು ಕೂಗ್ರಿ ಸಾರ್. ಕೂಗಿದೋರು ಇಳೀತಾರೆ.”

ಇಷ್ಟೇ ತಾನೇ ಎಂದು ಮೋಹನ್‌ಕುಮಾರ ಗಂಟಲು ಸರಿಮಾಡಿಕೊಂಡು, ರಂಗೇಶ್ ಎಂದು ಕೂಗಿದ. ಆಮೇಲೆ ಎದುರಿಗಿದ್ದ ಜುಂಜಯ್ಯನನ್ನು ನೋಡಿದ. ನೋಡುತ್ತಲೇ ಇದ್ದ. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ.

“ಇವನು,” ಎಂದು ಕೊನೆಗೆ ಬೆರಳು ತೋರಿಸಿದ.

ಜುಂಜಯ್ಯ ಎಲೆಅಡಿಕೆ ಚೀಲ ಬಿಚ್ಚಿ, ಕಾಲು ಚಾಚಿಕೊಂಡು ಕುಳಿತ.